ಕಾರಾಗೃಹದೊಳಗಿನ ರೇಡಿಯೊ: ಯಾರು ಮಾತನಾಡಬೇಕು, ಏನನ್ನು ಕೇಳಿಸಬೇಕು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಜಿಲ್ಲಾ ಕಾರಾಗೃಹಕ್ಕೆ ವಾರಕ್ಕೊಮ್ಮೆ ಅಕ್ಷರ ಕಲಿಸಲು ಹೋಗುವ ಸಣ್ಣ ತಂಡವೊಂದರಲ್ಲಿ ನಾನೂ ಇದ್ದೇನೆ. ಅಲ್ಲಿಯ ಬ್ಯಾರಕ್‌ಗಳಲ್ಲಿ ಧ್ವನಿವರ್ಧಕಗಳಿವೆ. ಬೆಳಿಗ್ಗೆ ಭಕ್ತಿಗೀತೆ, ಮಧ್ಯೆ ಎಣಿಕೆಯ ಸೂಚನೆ, ಯಾರನ್ನು ನೋಡಲು ಮನೆಯವರು ಬಂದಿದ್ದಾರೆ ಎಂಬ ಕೂಗು, ಸಂಜೆ ಒಂದಿಷ್ಟು ಚಿತ್ರಗೀತೆ, ಇಷ್ಟೇ ಅವುಗಳ ದಿನಚರಿ. ಇದೇ ವ್ಯವಸ್ಥೆಯನ್ನು ಬಳಸಿಕೊಂಡು ಬಂದಿಗಳೇ ನಡೆಸುವ ರೇಡಿಯೊ ಒಂದನ್ನು ಆರಂಭಿಸಬಹುದೇ, ಅದರ ರೂಪುರೇಷೆಯನ್ನು ಬರೆದುಕೊಡುವಿರಾ ಎಂದು ಅಧೀಕ್ಷಕರು ನಮ್ಮನ್ನು ಕೇಳಿದ್ದಾರೆ.

ದೆಹಲಿಯ ತಿಹಾರ್‌ನಲ್ಲಿ 2013ರಲ್ಲಿ, ಆಗ್ರಾದ ಜಿಲ್ಲಾ ಜೈಲಿನಲ್ಲಿ 2019ರಲ್ಲಿ, ಹರಿಯಾಣದ ಪಾಣಿಪತ್‌ನಲ್ಲಿ 2021ರಲ್ಲಿ ಇಂಥ ರೇಡಿಯೊಗಳು ಆರಂಭವಾದುದನ್ನು ಓದಿದ್ದೇನೆ. ಆದರೆ ಪತ್ರಿಕೆಗಳಲ್ಲಿ ಸಿಗುವುದು ಬಹುಮಟ್ಟಿಗೆ ಉದ್ಘಾಟನೆಯ ಸುದ್ದಿ. ನಾನು ತಿಳಿಯಬಯಸುವುದು ಅದರಾಚೆಯದು. ಹಾಡು ಹಾಕುವ ಈಗಿನ ಧ್ವನಿವರ್ಧಕಕ್ಕೂ ಬಂದಿಗಳೇ ನಡೆಸುವ ರೇಡಿಯೊಗೂ ನಿಜವಾದ ವ್ಯತ್ಯಾಸ ಯಾವುದು? ಅದು ಒಳಗಿರುವವರ ಬದುಕಿನಲ್ಲಿ ಮಾಡಬಹುದಾದ ಕೆಲಸವೇನು? ಅಧಿಕಾರಿಗಳ ಮೇಲ್ವಿಚಾರಣೆಯಲ್ಲೇ ನಡೆಯಬೇಕಾದ ಮಾಧ್ಯಮವೊಂದು ಬಂದಿಗಳ ದನಿಯಾಗಿ ಉಳಿಯುವುದು ಸಾಧ್ಯವೇ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ದೂರದ ಅಲೆ

ತುಂಗಾತೀರ ಅವರೇ, ನಾನು ಹಲವು ವರ್ಷಗಳಿಂದ ಲಂಡನ್‌ನಲ್ಲಿ ನೆಲೆಸಿದ್ದು, ಇಲ್ಲಿನ ಸಮುದಾಯ ರೇಡಿಯೊವೊಂದರಲ್ಲಿ ಸ್ವಯಂಸೇವಕನಾಗಿ ದುಡಿಯುತ್ತಿರುವುದರಿಂದ ಬ್ರಿಟನ್ನಿನ ಕಾರಾಗೃಹ ರೇಡಿಯೊವನ್ನು ಆಸಕ್ತಿಯಿಂದ ಗಮನಿಸುತ್ತ ಬಂದಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅದರ ಹುಟ್ಟಿನಲ್ಲಿಯೇ ಇದೆ ಎಂದು ನನ್ನ ಭಾವನೆ.

ಲಂಡನ್ನಿನ ಪಶ್ಚಿಮದ ಅಂಚಿನಲ್ಲಿ ಫೆಲ್ತಮ್ ಎಂಬಲ್ಲಿ ಹದಿಹರೆಯದ ಹುಡುಗರನ್ನೂ ಎಳೆಯ ಯುವಕರನ್ನೂ ಇರಿಸುವ ಬಂದೀಖಾನೆಯಿದೆ. ಅಲ್ಲಿ ಆತ್ಮಹತ್ಯೆಗಳೂ ತಮ್ಮನ್ನು ತಾವೇ ಗಾಯಪಡಿಸಿಕೊಳ್ಳುವ ಪ್ರಕರಣಗಳೂ ಆತಂಕ ಹುಟ್ಟಿಸುವಷ್ಟು ಹೆಚ್ಚಿದ್ದಾಗ, ಮಾರ್ಕ್ ರಾಬಿನ್ಸನ್ ಮತ್ತು ರೋಮಾ ಹೂಪರ್ ಎಂಬಿಬ್ಬರು 1994ರಲ್ಲಿ ರೇಡಿಯೊ ಫೆಲ್ತಮ್ ಕಟ್ಟಿದರು. ಕೊಠಡಿಯ ಬಾಗಿಲಿಗೆ ಬೀಗ ಬಿದ್ದ ಮೇಲೆ ಬೆಳಗಾಗುವವರೆಗೆ ಮಾತನಾಡಿಸುವವರಿಲ್ಲದೆ ಕಳೆಯಬೇಕಾದ ಆ ದೀರ್ಘ ಗಂಟೆಗಳಿಗೆ ಒಂದು ಜೊತೆ ಬೇಕಾಗಿತ್ತು. ಅದನ್ನು ಒದಗಿಸಲು ಗೋಡೆಯನ್ನು ದಾಟಬಲ್ಲ ಮಾಧ್ಯಮವೇ ಆಗಬೇಕಿತ್ತು. ಕಾರಾಗೃಹ ರೇಡಿಯೊ ಮನರಂಜನೆಯ ವಿಚಾರವಾಗಿ ಹುಟ್ಟಲಿಲ್ಲ, ಜೀವ ಉಳಿಸುವ ವಿಚಾರವಾಗಿ ಹುಟ್ಟಿತು ಎಂಬುದನ್ನು ನಿಮ್ಮ ರೂಪುರೇಷೆಯ ಮೊದಲ ಪುಟದಲ್ಲಿಯೇ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ಮುಂದೆ ಈ ಕೆಲಸಕ್ಕಾಗಿಯೇ ಪ್ರಿಸನ್ ರೇಡಿಯೊ ಅಸೋಸಿಯೇಷನ್ ಎಂಬ ದತ್ತಿ ಸಂಸ್ಥೆ ರೂಪುಗೊಂಡಿತು. ಬಿಬಿಸಿಯಲ್ಲಿ ಕೆಲಸ ಮಾಡಿದ್ದ ಫಿಲ್ ಮ್ಯಾಗ್ವಾಯರ್ ಅದರ ಸ್ಥಾಪಕ ಮುಖ್ಯಸ್ಥರು. 2007ರಲ್ಲಿ ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್ ಕಾರಾಗೃಹದಲ್ಲಿ ಎಲೆಕ್ಟ್ರಿಕ್ ರೇಡಿಯೊ ಬ್ರಿಕ್ಸ್‌ಟನ್ ಆರಂಭವಾಯಿತು. 2009ರ ಸೋನಿ ರೇಡಿಯೊ ಅಕಾಡೆಮಿ ಪ್ರಶಸ್ತಿಗಳಲ್ಲಿ ಹೊರಗಿನ ದೊಡ್ಡ ವಾಹಿನಿಗಳೊಂದಿಗೆ ಸ್ಪರ್ಧಿಸಿ ಅದು ನಾಲ್ಕು ಪ್ರಶಸ್ತಿಗಳನ್ನು ಪಡೆಯಿತು. ಬಂದಿಗಳು ಮಾಡಿದ್ದು ಎಂಬ ಕನಿಕರದಿಂದ ಕೊಟ್ಟ ಬಹುಮಾನಗಳು ಅವಲ್ಲ. ಅದೇ ವರ್ಷ ನ್ಯಾಷನಲ್ ಪ್ರಿಸನ್ ರೇಡಿಯೊ ಆರಂಭವಾಗಿ, ಕ್ರಮೇಣ ಇಂಗ್ಲೆಂಡ್ ಮತ್ತು ವೇಲ್ಸಿನ ಕಾರಾಗೃಹಗಳಿಗೆಲ್ಲ ಹಬ್ಬಿತು. ಕೊಠಡಿಯಲ್ಲಿರುವ ಟಿವಿಯ ಒಂದು ವಾಹಿನಿಯಾಗಿ ಅದು ದಿನದ ಇಪ್ಪತ್ತನಾಲ್ಕು ಗಂಟೆಯೂ ಸಿಗುತ್ತದೆ.

ಇದರಿಂದ ನಾನು ಕಂಡುಕೊಂಡ ಮುಖ್ಯ ಸಂಗತಿಯೊಂದಿದೆ. ಹೊಸದಾಗಿ ಒಳಗೆ ಬಂದವನಿಗೆ ಕೈಪಿಡಿ, ಅರ್ಜಿ ನಮೂನೆ, ನಿಯಮಗಳ ಹಾಳೆ ಎಲ್ಲವೂ ಸಿಗಬಹುದು. ಆದರೆ ಓದಲು ಬಾರದವರಿಗೆ, ಓದಲು ಬಂದರೂ ಆ ಹೊತ್ತಿನ ದಿಗಿಲಿನಲ್ಲಿ ಒಂದು ಸಾಲೂ ತಲೆಗೆ ಹೋಗದವರಿಗೆ ಅದರಿಂದ ಪ್ರಯೋಜನವಿಲ್ಲ. ಅದೇ ಮಾತನ್ನು, ಮೊದಲ ರಾತ್ರಿಯನ್ನು ತಾನೂ ಕಳೆದಿರುವ ಒಬ್ಬ ಮನುಷ್ಯ, ‘ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ನನಗೂ ಹಾಗೇ ಆಗಿತ್ತು, ನಾಳೆ ಬೆಳಿಗ್ಗೆ ವೈದ್ಯರ ಬಳಿ ಹೀಗೆ ಕೇಳು’ ಎಂದು ಹೇಳಿದರೆ ಕೇಳುವವನು ನಂಬುತ್ತಾನೆ. ಅಧಿಕಾರಿಯೇ ಅದನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಿದರೂ ಆ ನಂಬಿಕೆ ಹುಟ್ಟುವುದಿಲ್ಲ. ಹಾಡು ಹಾಕುವ ಧ್ವನಿವರ್ಧಕಕ್ಕೂ ಬಂದಿಗಳ ರೇಡಿಯೊಗೂ ಇರುವ ವ್ಯತ್ಯಾಸ, ನನ್ನ ಮಟ್ಟಿಗೆ, ಈ ನಂಬಿಕೆಯೇ.

ವಕಾಲತ್ತು

ಮೇಲಿನವರ ಮಾತನ್ನು ಒಪ್ಪುತ್ತಲೇ, ನಮ್ಮ ಕಾರಾಗೃಹಗಳ ಸ್ಥಿತಿಗೆ ಸಂಬಂಧಿಸಿದ ಒಂದು ದೊಡ್ಡ ವ್ಯತ್ಯಾಸವನ್ನು ಮುಂದಿಡಬಯಸುತ್ತೇನೆ. ನಾನು ವಕೀಲೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಲ್ಲಿದ್ದುಕೊಂಡು ಕಾರಾಗೃಹ ಭೇಟಿಗಳಿಗೆ ಹೋಗುತ್ತೇನೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ಅಂಕಿಅಂಶಗಳಂತೆ 2022ರ ಕೊನೆಯಲ್ಲಿ ದೇಶದ ಕಾರಾಗೃಹಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಎಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ಹೀಗಿರುವಾಗ ನಮ್ಮಲ್ಲಿ ಜೈಲು ರೇಡಿಯೊ ಎಂದ ಕೂಡಲೇ ‘ಮನಃಪರಿವರ್ತನೆ’, ‘ಸುಧಾರಣೆ’, ‘ಪಶ್ಚಾತ್ತಾಪ’ ಎಂಬ ಮಾತುಗಳೇ ಮುಂದೆ ಬರುವುದು ನನಗೆ ಬಹಳ ನೋವಿನ ಸಂಗತಿ. ತಪ್ಪು ಮಾಡಿದ್ದಾನೆಂದು ಯಾವ ನ್ಯಾಯಾಲಯವೂ ಹೇಳಿರದ ವ್ಯಕ್ತಿಗೆ ಪ್ರತಿ ಸಂಜೆ ಪಶ್ಚಾತ್ತಾಪದ ಉಪದೇಶ ಕೇಳಿಸುವುದು ನ್ಯಾಯವಲ್ಲ. ಅವನಿಗೆ ಬೇಕಾಗಿರುವುದು ಮಾಹಿತಿ. ಮುಂದಿನ ವಾಯಿದೆ ಯಾವಾಗ, ತನ್ನ ವಕೀಲರು ಯಾರು, ಜಾಮೀನು ಸಿಕ್ಕಿ ತಿಂಗಳುಗಳಾದರೂ ತಾನೇಕೆ ಇನ್ನೂ ಒಳಗಿದ್ದೇನೆ ಎಂಬುದು ಅವನಿಗೆ ತಿಳಿದಿರುವುದಿಲ್ಲ.

ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಆರೋಪಿಸಲಾದ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲವನ್ನು, ಹಿಂದೆಂದೂ ಶಿಕ್ಷೆಗೊಳಗಾಗದವರಾದರೆ ಮೂರನೆಯ ಒಂದರಷ್ಟು ಕಾಲವನ್ನು ಒಳಗೆ ಕಳೆದಿರುವ ವಿಚಾರಣಾಧೀನರ ಬಿಡುಗಡೆಯನ್ನು ನ್ಯಾಯಾಲಯ ಪರಿಶೀಲಿಸಬೇಕು. ಆ ಅವಧಿ ಮುಗಿದ ಕೂಡಲೇ ನ್ಯಾಯಾಲಯಕ್ಕೆ ಬರೆಯುವ ಹೊಣೆ ಕಾರಾಗೃಹದ ಅಧೀಕ್ಷಕರದೇ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅವಕಾಶವಿರುವ ಆರೋಪಗಳಿಗೆ ಇದು ಅನ್ವಯಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿ ಇರುವವರಿಗೂ ಇದರಲ್ಲಿ ತೊಡಕಿದೆ. ಈ ಕಲಮು ಹಳೆಯ ಪ್ರಕರಣಗಳಿಗೂ ಅನ್ವಯಿಸುತ್ತದೆ ಎಂದು ಅದೇ ವರ್ಷದ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಇಷ್ಟು ವಿಷಯವನ್ನು ನಾನು ಭೇಟಿಯ ವೇಳೆ ಒಬ್ಬೊಬ್ಬರಿಗೇ ವಿವರಿಸುತ್ತ ಹೋದರೆ ಒಂದು ಬ್ಯಾರಕ್ ಕೂಡ ಮುಗಿಯುವುದಿಲ್ಲ. ಅದನ್ನೇ ಹತ್ತು ನಿಮಿಷದ ಸಂಭಾಷಣೆಯಾಗಿ, ಒಬ್ಬ ಬಂದಿ ಕೇಳುವಂತೆ ಇನ್ನೊಬ್ಬ ಹೇಳುವಂತೆ ಧ್ವನಿಮುದ್ರಿಸಿ ಕೇಳಿಸಿದರೆ, ಮರುದಿನವೇ ‘ಅಮ್ಮಾ, ನನಗೆ ಅರ್ಧ ಆಯಿತೇ ನೋಡಿ’ ಎಂದು ಕೇಳುವವರು ಹತ್ತು ಮಂದಿ ಸಿಗುತ್ತಾರೆ.

ಜಾಮೀನುದಾರರ ವಿಷಯವೂ ಹೀಗೆಯೇ. ನಮ್ಮಲ್ಲಿ ಜಾಮೀನು ಆದೇಶವಾದರೂ ಎಷ್ಟೋ ಜನ ಹೊರಗೆ ಹೋಗಲಾರದೆ ಉಳಿಯುವುದು, ಪಹಣಿ ಹಿಡಿದುಕೊಂಡು ನ್ಯಾಯಾಲಯದ ಮುಂದೆ ನಿಲ್ಲಬಲ್ಲ ಒಬ್ಬ ಬಂಧುವಿಲ್ಲದ ಕಾರಣಕ್ಕೆ. ಯಾವ ದಾಖಲೆ ಬೇಕು, ಪಹಣಿಯೇ ಇಲ್ಲದವರು ಷರತ್ತು ಸಡಿಲಿಸುವಂತೆ ಹೇಗೆ ಕೋರಬೇಕು, ಬಂಧನದಲ್ಲಿರುವ ಯಾರಿಗೇ ಆದರೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ ಹೇಳುತ್ತದೆ ಎಂಬುದು, ಇವೆಲ್ಲ ರೇಡಿಯೊದಲ್ಲಿ ಮತ್ತೆ ಮತ್ತೆ ಬರಬೇಕಾದ ಸಂಗತಿಗಳು. ಒಮ್ಮೆ ಹೇಳಿ ಬಿಟ್ಟರೆ ಸಾಲದು, ಏಕೆಂದರೆ ಕೇಳುಗರು ವಾರದಿಂದ ವಾರಕ್ಕೆ ಬದಲಾಗುತ್ತಿರುತ್ತಾರೆ.

ಎರಡು ಎಚ್ಚರಿಕೆಗಳು ಅಗತ್ಯ. ವಿಚಾರಣಾಧೀನರು ತಮ್ಮ ಪ್ರಕರಣದ ವಿವರವನ್ನು ಮೈಕಿನ ಮುಂದೆ ಹೇಳಬಾರದು. ಧ್ವನಿಮುದ್ರಿತ ಮಾತು ನಾಳೆ ಅವರಿಗೇ ಮುಳುವಾಗಬಹುದು. ಕಾನೂನಿನ ಕುರಿತ ಪ್ರತಿಯೊಂದು ಕಾರ್ಯಕ್ರಮವನ್ನೂ ಪ್ರಸಾರಕ್ಕೆ ಮೊದಲು ವಕೀಲರೊಬ್ಬರು ಕೇಳಲೇಬೇಕು. ಒಳಗೆ ತಪ್ಪು ಮಾಹಿತಿ ಹಬ್ಬಿದರೆ ಅದನ್ನು ಹಿಂದಕ್ಕೆ ತರುವುದು ಬಲು ಕಷ್ಟ.

ಸಹ್ಯಾದ್ರಿಯ ಮಗ್ಗುಲು

ಇಬ್ಬರೂ ಬರೆದಿರುವುದು ಮೌಲಿಕವಾಗಿದೆ. ಆದರೂ ತುಂಗಾತೀರ ಅವರ ಪ್ರಶ್ನೆಯಲ್ಲಿರುವ ಒಂದು ಸಂಗತಿಯನ್ನು ಯಾರೂ ಗಮನಿಸಿದಂತಿಲ್ಲ. ಬ್ರಿಟನ್ನಿನಲ್ಲಿ ಕೇಳುಗನ ಕೈಯಲ್ಲಿ ಗುಂಡಿಯಿದೆ. ಅವನಿಗೆ ಬೇಡವೆನಿಸಿದರೆ ಆರಿಸುತ್ತಾನೆ, ಬೇರೆ ವಾಹಿನಿಗೆ ಹೋಗುತ್ತಾನೆ. ಬ್ಯಾರಕ್‌ನ ಧ್ವನಿವರ್ಧಕವನ್ನು ಆರಿಸುವ ಅಧಿಕಾರ ಬಂದಿಗಿಲ್ಲ. 2022ರ ಅದೇ ಅಂಕಿಅಂಶಗಳಂತೆ ನಮ್ಮ ಕಾರಾಗೃಹಗಳಲ್ಲಿ ನೂರು ಜನರ ಜಾಗದಲ್ಲಿ 131 ಜನರಿದ್ದರು. ಅಷ್ಟು ಒತ್ತಾಗಿ ಮಲಗಿರುವವರ ನಡುವೆ ಜ್ವರ ಬಂದವನಿಗೆ, ಮನೆಯಲ್ಲಿ ಸಾವಾದ ಸುದ್ದಿ ಕೇಳಿ ಕುಳಿತವನಿಗೆ ಅತ್ಯುತ್ತಮ ಕಾರ್ಯಕ್ರಮವೂ ಹಿಂಸೆಯೇ ಆದೀತು. ಕೇಳದಿರುವ ಸ್ವಾತಂತ್ರ್ಯವಿಲ್ಲದ ಕಡೆ ಕೇಳಿಸುವುದಕ್ಕೆ ರೇಡಿಯೊ ಎಂಬ ಹೆಸರು ಒಪ್ಪುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಹಾಗೆಂದು ಯೋಜನೆಯನ್ನೇ ಕೈಬಿಡಿ ಎನ್ನುತ್ತಿಲ್ಲ. ಗೊತ್ತಾದ ಸಮಯ, ಮಿತವಾದ ದನಿ, ವಾರದಲ್ಲಿ ಪೂರ್ತಿ ಮೌನದ ಕೆಲವು ಹೊತ್ತು, ಇವನ್ನು ಬಂದಿಗಳನ್ನೇ ಕೇಳಿ ನಿಗದಿಪಡಿಸಿ. ಸಾಧ್ಯವಾದರೆ ಗ್ರಂಥಾಲಯದ ಕೋಣೆಯಲ್ಲಿ, ಇಷ್ಟವಿದ್ದವರು ಬಂದು ಕೂತು ಕೇಳುವ ಏರ್ಪಾಡು ಮಾಡಿ. ಪರವಾನಗಿಯ ಚಿಂತೆ ಬೇಡ. ಸಮುದಾಯ ರೇಡಿಯೊ ನೀತಿ ನಮ್ಮಲ್ಲಿ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. ಅದು ಗಾಳಿಯ ಅಲೆಗಳ ಮೇಲಿನ ಪ್ರಸಾರಕ್ಕೆ ಸಂಬಂಧಿಸಿದ್ದು. ತಂತಿಯ ಮೂಲಕ ಆವರಣದೊಳಗೇ ಕೇಳಿಸುವ ನಿಮ್ಮ ವ್ಯವಸ್ಥೆ ಅದರೊಳಗೆ ಬರುವುದಿಲ್ಲ. ಅಮೆರಿಕದ ಲೂಸಿಯಾನ ರಾಜ್ಯದ ಅಂಗೋಲ ಕಾರಾಗೃಹದಲ್ಲಿ ಮಾತ್ರ 1980ರ ದಶಕದಿಂದಲೂ ಸರ್ಕಾರದ ಪರವಾನಗಿಯುಳ್ಳ ಎಫ್‌ಎಂ ನಿಲಯವೇ ಇದೆ, ಬಂದಿಗಳೇ ಅದರ ನಿರೂಪಕರು.

ಇನ್ನು ಮೇಲ್ವಿಚಾರಣೆಯ ಪ್ರಶ್ನೆ. ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಕಾರಾಗೃಹದೊಳಗಿನ ಸ್ಟುಡಿಯೊದಲ್ಲಿ ಬಂದಿ ಅರ್ಲಾನ್ ವುಡ್ಸ್, ಹೊರಗಿನ ಕಲಾವಿದೆ ನೈಜಲ್ ಪೂರ್ ಮತ್ತು ಇನ್ನೊಬ್ಬ ಬಂದಿ ಸೇರಿ 2017ರಲ್ಲಿ ಆರಂಭಿಸಿದ ‘ಇಯರ್ ಹಸಲ್’ ಪಾಡ್‌ಕಾಸ್ಟ್ ಈ ವಿಷಯದಲ್ಲಿ ಅನುಸರಿಸಿದ ದಾರಿ ನನಗೆ ತುಂಬ ಮೆಚ್ಚುಗೆಯಾಯಿತು. ಕಂತುಗಳನ್ನು ಕಾರಾಗೃಹದ ಮಾಹಿತಿ ಅಧಿಕಾರಿ ಮೊದಲು ಕೇಳಿ ಒಪ್ಪಬೇಕಿತ್ತು. ಆದರೆ ಆ ಒಪ್ಪಿಗೆಯನ್ನು ಮರೆಯಲ್ಲಿಡಲಿಲ್ಲ. ತಾನು ಯಾರು, ಈ ಕಥೆಗೆ ಒಪ್ಪಿಗೆ ಕೊಟ್ಟಿದ್ದೇನೆ ಎಂಬುದನ್ನು ಆ ಅಧಿಕಾರಿ ಕೊನೆಯಲ್ಲಿ ತಮ್ಮದೇ ದನಿಯಲ್ಲಿ ಹೇಳುತ್ತಿದ್ದರು. ಅಲ್ಲೊಂದು ಜರಡಿಯಿದೆ ಎಂಬುದು ಕೇಳುಗನಿಗೆ ತಿಳಿದಿರುತ್ತಿತ್ತು. ನಿಮ್ಮ ರೂಪುರೇಷೆಯಲ್ಲಿಯೂ ಯಾವ ವಿಷಯಕ್ಕೆ ನಿಷೇಧ, ಯಾವ ಅಧಿಕಾರಿ ಅದನ್ನು ತೀರ್ಮಾನಿಸುತ್ತಾರೆ, ತಿರಸ್ಕರಿಸಿದರೆ ಕಾರಣವನ್ನು ಬರೆದು ಕೊಡುತ್ತಾರೆಯೇ ಎಂಬುದನ್ನು ಮೊದಲೇ ದಾಖಲಿಸಿಕೊಳ್ಳಿ. ಊಟ ಸರಿಯಿಲ್ಲ ಎಂದು ಒಬ್ಬ ಬಂದಿ ಮೈಕಿನಲ್ಲಿ ಹೇಳಬಹುದೇ? ಅಧೀಕ್ಷಕರು ಈ ಒಂದು ಪ್ರಶ್ನೆಗೆ ಕೊಡುವ ಉತ್ತರದಲ್ಲಿಯೇ ನಿಮ್ಮ ರೇಡಿಯೊದ ಹಣೆಬರಹ ಗೊತ್ತಾಗುತ್ತದೆ.

ತುಂಗಾತೀರ

ಮೂವರಿಗೂ ಕೃತಜ್ಞತೆಗಳು. ಸಹ್ಯಾದ್ರಿಯವರು ಹೇಳಿದ ಆರಿಸುವ ಗುಂಡಿಯ ಮಾತು ನಮ್ಮ ತಂಡದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗ್ರಂಥಾಲಯದ ಕೋಣೆಯ ಬಗ್ಗೆ ಈ ವಾರವೇ ಕೇಳುತ್ತೇವೆ.

ಇನ್ನೆರಡು ವಿಷಯಗಳು. ದೂರದ ಊರುಗಳಿಂದ ಬಂದ ಬಂದಿಗಳಿಗೆ ಮನೆಯವರ ಭೇಟಿಯೇ ಅಪರೂಪ. ಮನೆಯವರ ದನಿಯನ್ನು ರೇಡಿಯೊದಲ್ಲಿ ತರುವ ಪದ್ಧತಿ ಎಲ್ಲಾದರೂ ಇದೆಯೇ? ಎರಡನೆಯದಾಗಿ, ನಮ್ಮ ತಂಡದ ಹಿರಿಯರೊಬ್ಬರು, ಅಪರಾಧದಿಂದ ನೊಂದವರ ಮನೆಯಲ್ಲಿ ದನಿಯೇ ಅಡಗಿಹೋಗಿರುವಾಗ ನಾವು ಇವರ ಕೈಗೆ ಮೈಕು ಕೊಡುವುದು ಸರಿಯೇ ಎಂದು ಕೇಳುತ್ತಾರೆ. ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ದೂರದ ಅಲೆ

ಮೊದಲನೆಯದಕ್ಕೆ ಉತ್ತರ ಅಮೆರಿಕದಲ್ಲಿದೆ. ಟೆಕ್ಸಾಸ್‌ನ ಹ್ಯೂಸ್ಟನ್ ನಗರದ ಕೆಪಿಎಫ್‌ಟಿ ಎಂಬ ಸಮುದಾಯ ನಿಲಯದಲ್ಲಿ, ಹಿಂದೆ ತಾನೇ ಜೈಲುವಾಸ ಕಂಡಿದ್ದ ರೇ ಹಿಲ್ ಎಂಬವರು 1980ರಲ್ಲಿ ‘ಪ್ರಿಸನ್ ಶೋ’ ಆರಂಭಿಸಿದರು. ಶುಕ್ರವಾರ ರಾತ್ರಿಯ ಆ ಕಾರ್ಯಕ್ರಮದ ಒಂದು ಭಾಗದಲ್ಲಿ ಮನೆಯವರು ಫೋನ್ ಮಾಡಿ ಒಳಗಿರುವವರಿಗೆ ನೇರವಾಗಿ ಮಾತನಾಡುತ್ತಾರೆ. ಒಳಗಿರುವವರು ತಮ್ಮ ಸಣ್ಣ ರೇಡಿಯೊಗಳಲ್ಲಿ ಕೇಳಿಸಿಕೊಳ್ಳುತ್ತಾರೆ. ಕೆಂಟುಕಿಯ ವೈಟ್ಸ್‌ಬರ್ಗ್ ಎಂಬ ಪುಟ್ಟ ಊರಿನ ಡಬ್ಲ್ಯುಎಂಎಂಟಿ ನಿಲಯವೂ ಇಂಥ ಸಂದೇಶಗಳನ್ನು ಧ್ವನಿಮುದ್ರಿಸಿಕೊಂಡು ಸೋಮವಾರ ರಾತ್ರಿ ಪ್ರಸಾರ ಮಾಡುತ್ತ ಬಂದಿದೆ. ಆ ಬೆಟ್ಟಸೀಮೆಯ ಕಾರಾಗೃಹಗಳಿಗೆ ದೂರದ ನಗರಗಳಿಂದ ತಂದ ಬಂದಿಗಳನ್ನು ನೋಡಲು ಮನೆಯವರು ಗಂಟೆಗಟ್ಟಲೆ ಪ್ರಯಾಣ ಮಾಡಬೇಕು. ಮಗನ ಹುಟ್ಟುಹಬ್ಬದ ಹಾರೈಕೆ, ಮಗು ಶಾಲೆಗೆ ಸೇರಿದ ಸುದ್ದಿ, ಅಜ್ಜಿ ಹೇಳುವ ಪ್ರಾರ್ಥನೆ, ಹೀಗೆ ತೀರ ಸಾಮಾನ್ಯ ಮಾತುಗಳೇ ಅಲ್ಲಿ ಕೇಳಿಬರುವುದು. ಒಬ್ಬರಿಗಾಗಿ ಹೇಳಿದ ಮಾತನ್ನು ನೂರಾರು ಜನ ಕೇಳುತ್ತಾರೆ. ಫೋನ್ ಬಾರದವನೂ ಇನ್ನೊಬ್ಬನ ತಾಯಿಯ ದನಿ ಕೇಳುತ್ತಾನೆ. ನೀವು ಸಂದರ್ಶನದ ದಿನ ಹೊರಗೆ ಕಾಯುವ ಮನೆಯವರಿಂದ, ಅನುಮತಿ ಪಡೆದು, ಒಂದೊಂದು ನಿಮಿಷದ ಸಂದೇಶವನ್ನು ಮೊಬೈಲಿನಲ್ಲಿಯೇ ಧ್ವನಿಮುದ್ರಿಸಿಕೊಳ್ಳಬಹುದು. ಮೆಲ್ಬರ್ನ್‌ನ 3ಸಿಆರ್ ನಿಲಯ 2002ರಿಂದ ಪ್ರತಿ ಜುಲೈನಲ್ಲಿ, ಆಸ್ಟ್ರೇಲಿಯದ ಮೂಲನಿವಾಸಿಗಳ ಸಂಸ್ಕೃತಿಯನ್ನು ಆಚರಿಸುವ ವಾರದಲ್ಲಿ, ಕಾರಾಗೃಹಗಳ ಒಳಗಿನಿಂದಲೇ ಮೂಲನಿವಾಸಿ ಬಂದಿಗಳ ಮಾತು, ಹಾಡು, ಕವಿತೆಗಳನ್ನು ನೇರಪ್ರಸಾರ ಮಾಡುತ್ತಿದೆ. ಅಲ್ಲಿ ದನಿ ಒಳಗಿನಿಂದ ಮನೆಗೆ ಹೋಗುತ್ತದೆ.

ಮಹಿಳಾ ವಿಭಾಗವನ್ನು ಮರೆಯಬೇಡಿ. ನ್ಯಾಷನಲ್ ಪ್ರಿಸನ್ ರೇಡಿಯೊ ಸ್ಟೈಲ್ ಎಂಬಲ್ಲಿಯ ಮಹಿಳಾ ಕಾರಾಗೃಹದಲ್ಲಿ ಪ್ರತ್ಯೇಕ ಸ್ಟುಡಿಯೊ ಇಟ್ಟುಕೊಂಡಿತು. ನಮ್ಮ ಜಿಲ್ಲಾ ಕಾರಾಗೃಹಗಳಲ್ಲಿ ಹೆಂಗಸರು ಕೆಲವೇ ಮಂದಿ ಇರುತ್ತಾರಾದ್ದರಿಂದ ಎಲ್ಲ ಯೋಜನೆಗಳೂ ಗಂಡಸರ ಬ್ಯಾರಕ್‌ನಲ್ಲೇ ಮುಗಿದುಹೋಗುತ್ತವೆ.

ಎರಡನೆಯ ಪ್ರಶ್ನೆಯ ಬಗ್ಗೆ. ಕರ್ನಾಟಕದಲ್ಲಿ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಅವರು ಬಂದಿಗಳಿಂದ ನಾಟಕ ಆಡಿಸಿದಾಗಲೂ ಈ ಪ್ರಶ್ನೆ ಎಷ್ಟೋ ಜನರ ಮನಸ್ಸಿನಲ್ಲಿ ಎದ್ದಿರಬೇಕು. ಹಿರಿಯರ ಮಾತನ್ನು ನಿಯಮವಾಗಿಯೇ ಬರೆದುಕೊಳ್ಳಿ ಎಂಬುದು ನನ್ನ ಸಲಹೆ. ಅಪರಾಧದ ಬಣ್ಣನೆ ಇರಕೂಡದು, ನೊಂದವರ ಹೆಸರು ಅಥವಾ ಊರಿನ ಸುಳಿವು ಬರಕೂಡದು, ಯಾರನ್ನೂ ವೀರನನ್ನಾಗಿ ಮಾಡಕೂಡದು. ಇಷ್ಟನ್ನು ಪಾಲಿಸಿದ ಮೇಲೆ, ಒಳಗಿರುವವನು ಮೌನವಾಗಿಯೇ ಇದ್ದರೆ ನೊಂದವರಿಗೆ ಏನಾದರೂ ದೊರಕೀತೇ ಎಂದು ಯೋಚಿಸಿ ನೋಡಿ. ಅವರಿಗೆ ದೊರಕಬೇಕಾದ ಪರಿಹಾರ, ರಕ್ಷಣೆ, ತ್ವರಿತ ವಿಚಾರಣೆಗಳಿಗಾಗಿ ಹೋರಾಡಲು ನನ್ನ ದನಿಯನ್ನೂ ಸೇರಿಸುತ್ತೇನೆ. ಆದರೆ ರಾತ್ರಿಯ ಹೊತ್ತು ಒಬ್ಬ ಹುಡುಗ ಪ್ರಾಣ ಕಳೆದುಕೊಳ್ಳದಂತೆ ತಡೆಯುವ ಕೆಲಸ ಅದಕ್ಕೆ ಅಡ್ಡಿಯಾಗುತ್ತದೆಂದು ನನಗೆ ಅನ್ನಿಸುವುದಿಲ್ಲ.

ವಕಾಲತ್ತು

ಮನೆಯವರ ಸಂದೇಶಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅವುಗಳಲ್ಲಿ ಸಾಕ್ಷಿಗಳ ಪ್ರಸ್ತಾಪ, ದೂರುದಾರರ ಜೊತೆಗಿನ ರಾಜಿಯ ಮಾತು ನುಸುಳದಂತೆ ನೋಡಿಕೊಳ್ಳಿ. ಇದನ್ನು ಧ್ವನಿಮುದ್ರಣಕ್ಕೆ ಮೊದಲೇ ಮನೆಯವರಿಗೆ ತಿಳಿಸಿದರೆ ಸಾಕು. ಭಾಷೆಯ ವಿಷಯದಲ್ಲಿಯೂ ಉದಾರವಾಗಿರಿ. ಕನ್ನಡದ ಜೊತೆಗೆ ಉರ್ದು, ಲಂಬಾಣಿ, ತುಳು, ತೆಲುಗು, ಹಿಂದಿ ಆಡುವವರು ಪ್ರತಿ ಕಾರಾಗೃಹದಲ್ಲೂ ಇರುತ್ತಾರೆ. ಕಾನೂನಿನ ಮಾತು ಅರ್ಥವಾಗದೆ ಹೆಚ್ಚು ಕಾಲ ಒಳಗೆ ಉಳಿಯುವವರಲ್ಲಿ ಅವರೂ ಇದ್ದಾರೆ.

ಆರಂಭಕ್ಕೆ ವಾರಕ್ಕೊಂದು ಅರ್ಧ ಗಂಟೆ ಸಾಕು. ಗ್ರಂಥಾಲಯದಲ್ಲಿ ಒಂದು ಪ್ರಶ್ನೆಪೆಟ್ಟಿಗೆ ಇಡಿ. ಬರೆಯಲು ಬಾರದವರ ಪ್ರಶ್ನೆಗಳನ್ನು ನಿಮ್ಮ ಅಕ್ಷರ ತರಗತಿಯವರೇ ಬರೆದು ಹಾಕಲಿ. ಅರೆ-ಕಾನೂನು ಸ್ವಯಂಸೇವಕರಾಗಿ ತರಬೇತಿ ಪಡೆದ ಬಂದಿಗಳು ನಿಮ್ಮಲ್ಲಿದ್ದರೆ ಉತ್ತರಗಳ ಕರಡನ್ನು ಅವರು ಸಿದ್ಧಪಡಿಸಬಹುದು. ನಿಮ್ಮ ಜಿಲ್ಲೆಯ ಪ್ರಾಧಿಕಾರದ ಕಾರ್ಯದರ್ಶಿಗಳಿಗೆ ಅಧೀಕ್ಷಕರಿಂದಲೇ ಒಂದು ಪತ್ರ ಹೋಗಲಿ, ಕರಡುಗಳನ್ನು ಪರಿಶೀಲಿಸಲು ಪಟ್ಟಿಯಲ್ಲಿರುವ ವಕೀಲರೊಬ್ಬರನ್ನು ಅವರು ನೇಮಿಸಿಕೊಡುತ್ತಾರೆ. ಅದು ತಡವಾಗುವಂತಿದ್ದರೆ ಮೊದಲ ಕೆಲವು ಕಂತುಗಳನ್ನು ನಾನೇ ಕೇಳಿ ತಿದ್ದಿಕೊಡಲು ಸಿದ್ಧಳಿದ್ದೇನೆ. 479ನೇ ಕಲಮಿನ ಸಂಭಾಷಣೆಯಿಂದ ಆರಂಭಿಸೋಣ.